ಪೆಗ್ಗಿನ ಊರಿನಲ್ಲಿ ಕೈಗುಣದ ಬೆಲೆ

ನಮ್ಮ ಓಣಿಯ ಕಿರಾಣಿ ಅಂಗಡಿಯವರ ಮಗ ಬಿ.ಕಾಂ. ಮುಗಿಸಿ, ಒಂದು ಸೀಜನ್ ಗೋವಾದ ಹೋಟೆಲೊಂದರಲ್ಲಿ ದುಡಿದು ಬಂದಿದ್ದಾನೆ. ಈಗ ಬಾರ್‌ಟೆಂಡರ್ ಆಗುತ್ತೇನೆ ಎಂದು ಹಟ ಹಿಡಿದಿದ್ದಾನೆ. ಒಂದು ಸಂಜೆ ಅವನ ಅಪ್ಪ ಅವನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ನಾನು ಹುಬ್ಬಳ್ಳಿಯ ಹೋಟೆಲು, ಬಾರುಗಳ ಲೆಕ್ಕಪತ್ರ ಬರೆದೇ ಕೂದಲು ಬೆಳ್ಳಗೆ ಮಾಡಿಕೊಂಡವನು, ಅದಕ್ಕೆ. ‘ಹೋಟೆಲ್ ಮ್ಯಾನೇಜ್‌ಮೆಂಟ್ ಎಂದರೆ ಬೀಗರ ಮುಂದೆ ಹೇಳಬಹುದು. ಮಗ ಬಾರಿನಲ್ಲಿದ್ದಾನೆ ಎಂದರೆ, ಅವನು ಕುಡಿಯಲು ಕುಳಿತಿದ್ದಾನೋ ಕೊಡಲು ನಿಂತಿದ್ದಾನೋ ಎಂದು ಯಾರು ವಿಚಾರಿಸುತ್ತಾರೆ?’ ಎಂದರು. ಹುಡುಗ ಮಾತಾಡದೆ ಮೊಬೈಲ್ ಮುಂದೆ ಹಿಡಿದ. ಗಾಜಿನಷ್ಟು ತಿಳಿಯಾದ ಐಸಿನ ಗಡ್ಡೆ, ಅದರ ಮೇಲೆ ಸುರುಳಿ ಸುತ್ತಿದ ಕಿತ್ತಳೆ ಸಿಪ್ಪೆ. ‘ಇದನ್ನು ನಾನೇ ಮಾಡಿದ್ದು ಕಾಕಾ’ ಎಂದ.

ಅಪ್ಪನದು ಮರ್ಯಾದೆಯ ಚಿಂತೆ, ಮಗನದು ಆಸೆ. ಎರಡನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಈ ಕೆಲಸದಲ್ಲಿ ಹಣ ಹುಟ್ಟುವುದೆಲ್ಲಿ ಎಂದು ನೋಡುವುದು ನನ್ನ ಕಸುಬಿನ ಚಾಳಿ. ಹಾಗೆ ನೋಡಿದರೆ ಹುಬ್ಬಳ್ಳಿ-ಧಾರವಾಡದಲ್ಲಿ ಬಾರುಗಳಿಗೇನೂ ಬರವಿಲ್ಲ, ಆದರೆ ಪಾನೀಯ ಬೆರೆಸಿ ಕೊಡುವ ಬಾರ್‌ಟೆಂಡರ್ ಎಂಬ ಹುದ್ದೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನಮ್ಮ ಬಾರಿನ ಮೆನು ಎಂದರೆ ದರಪಟ್ಟಿ. ಎಡಗಡೆ ಬ್ರ್ಯಾಂಡ್, ಬಲಗಡೆ 30 ಮಿ.ಲೀ., 60 ಮಿ.ಲೀ., ಕ್ವಾರ್ಟರ್ ಎಂಬ ಮೂರು ಕಂಬಗಳು. ಸಪ್ಲೈಯರ್ ಬಾಟಲಿ, ಸೋಡಾ, ನೀರು ತಂದು ಮೇಜಿನ ಮೇಲಿಡುತ್ತಾನೆ. ಬೆರೆಸುವ ಕೆಲಸ ಗಿರಾಕಿಯದೇ. ಕೌಂಟರಿನ ಹಿಂದೆ ನಿಂತವನು ಅಳೆಯುವವನು, ಉಗ್ರಾಣ ಕಾಯುವವನು, ರಾತ್ರಿ ಗಲ್ಲೆ ಎಣಿಸುವವನು. 750 ಮಿ.ಲೀ. ಬಾಟಲಿಗೆ 25 ಪೆಗ್ ಬರಬೇಕು. 24 ಬಂದರೆ ಮಾಲೀಕ ಬೈಯುತ್ತಾನೆ, 26 ಬಂದರೆ ಗಿರಾಕಿ. ಅವನ ಕೌಶಲ್ಯವೆಲ್ಲ ಈ ಎರಡು ಬೈಗುಳದ ನಡುವಿನದು.

ಈ ವ್ಯವಸ್ಥೆ ತಾನಾಗಿ ಬೆಳೆದದ್ದಲ್ಲ, ಪರವಾನಗಿ ಇದನ್ನು ಹೀಗೆ ಬೆಳೆಸಿದೆ. ಕರ್ನಾಟಕದ ಅಬಕಾರಿ ಭಾಷೆಯಲ್ಲಿ ಸಿಎಲ್-2 ಎಂದರೆ ಬಾಟಲಿ ಮಾರುವ ಅಂಗಡಿ, ಸಿಎಲ್-9 ಎಂದರೆ ಕುಳಿತು ಕುಡಿಯುವ ಬಾರ್, ಸಿಎಲ್-7 ಎಂದರೆ ವಸತಿಗೃಹಕ್ಕೆ ಅಂಟಿಕೊಂಡ ಬಾರ್, ಸಿಎಲ್-6ಎ ತಾರಾ ಹೋಟೆಲಿನದು. ಸಿಎಲ್-2, ಸಿಎಲ್-9 ಪರವಾನಗಿಗಳನ್ನು ಹೊಸದಾಗಿ ಕೊಡುವುದನ್ನು ಸರ್ಕಾರ 1992ರಿಂದ ನಿಲ್ಲಿಸಿತು. ಜನಸಂಖ್ಯೆ ಬೆಳೆಯಿತು, ಪರವಾನಗಿ ಬೆಳೆಯಲಿಲ್ಲ. ಹಾಗಾಗಿ ಕಾಗದದ ತುಣುಕೇ ಆಸ್ತಿಯಾಯಿತು. ಇಷ್ಟು ದುಬಾರಿಯ ಕಾಗದ ಕೈಯಲ್ಲಿರುವ ಮಾಲೀಕನಿಗೆ ಬೇಕಾದದ್ದು ಬೇಗ ಖಾಲಿಯಾಗುವ ಬಾಟಲಿ, ಬೇಗ ಖಾಲಿಯಾಗುವ ಮೇಜು. ಒಂದು ಗ್ಲಾಸಿಗೆ ಮೂರು ನಿಮಿಷ ತೆಗೆದುಕೊಳ್ಳುವ ಹುಡುಗ ಅಲ್ಲ. 2025ರ ಬಜೆಟ್ಟಿನಲ್ಲಿ ಪರವಾನಗಿಗಳ ಇ-ಹರಾಜಿನ ಮಾತು ಬಂದಾಗ ಹೊಸಬರಿಗೆ ಬಾಗಿಲು ತೆರೆಯಿತು ಎಂದು ಕೆಲವರು ಹಿಗ್ಗಿದರು. ನನಗೆ ಹಾಗೆ ಅನ್ನಿಸುವುದಿಲ್ಲ. ಹರಾಜಿನಲ್ಲಿ ದುಬಾರಿ ಕೂಗಿ ತಂದವನು ಇನ್ನಷ್ಟು ಬಾಟಲಿ ಓಡಿಸಲೇಬೇಕಾಗುತ್ತದೆ.

ಎರಡನೆಯ ಗಂಟು ಸರಕಿನದು. ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರವೆಲ್ಲ 2003ರಿಂದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಕೈಯಲ್ಲಿದೆ. ನಿಗಮದ ಡಿಪೋದಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಈಗ ನೆಗ್ರೋನಿ ಎಂಬ ಹೆಸರಾಂತ ಕಾಕ್‌ಟೇಲನ್ನು, ಅಂದರೆ ಬೆರೆಸಿ ಮಾಡುವ ಪಾನೀಯವನ್ನು, ತೆಗೆದುಕೊಳ್ಳಿ. ಜಿನ್, ಕ್ಯಾಂಪಾರಿ ಎಂಬ ಕಹಿ ಮದ್ಯ, ಸಿಹಿ ವರ್ಮೂತ್, ತಲಾ 30 ಮಿ.ಲೀ. ಹೇಳಲು ಇಷ್ಟು ಸುಲಭ. ಆದರೆ ಒಂದು ಗ್ಲಾಸಿಗಾಗಿ ಮೂರು ಬಾಟಲಿಯ ಬಂಡವಾಳ ಹೂಡಬೇಕು. ವರ್ಮೂತ್ ದ್ರಾಕ್ಷಾರಸದ ಜಾತಿಯದು, ಮುಚ್ಚಳ ತೆರೆದ ಮೇಲೆ ಫ್ರಿಜ್ಜಿನಲ್ಲಿಟ್ಟರೂ ಕೆಲವು ವಾರಗಳಲ್ಲಿ ರುಚಿ ಕೆಡುತ್ತದೆ. ವಾರಕ್ಕೆ ನಾಲ್ಕು ಗ್ಲಾಸ್ ಹೋಗುವ ಕಡೆ ಅರ್ಧ ಬಾಟಲಿ ಮೋರಿಗೆ. ಅದನ್ನು ನಷ್ಟದ ಖಾತೆಯಲ್ಲಿ ಬರೆಯುವ ಗುಮಾಸ್ತ ನಾನೇ ಆಗಿದ್ದರೆ ಮುಂದಿನ ತಿಂಗಳು ವರ್ಮೂತನ್ನು ಪಟ್ಟಿಯಿಂದಲೇ ಹೊಡೆದುಹಾಕುತ್ತಿದ್ದೆ. ಹಾಗೆ ಮಾಡಿದ್ದೂ ಉಂಟು.

ಹಾಗಾದರೆ ಈ ಕಸುಬು ಎಲ್ಲಿ ಹೊಟ್ಟೆ ಹೊರೆಯುತ್ತದೆ? ಹುಡುಗನಿಗೆ ಹಾಳೆಯ ಮೇಲೆ ಬರೆದು ತೋರಿಸಿದೆ. ಲೆಕ್ಕಕ್ಕೆಂದು ಜಿನ್ ಬಾಟಲಿಗೆ 1,500 ರೂಪಾಯಿ ಹಿಡಿಯೋಣ. ಒಂದು ಪೆಗ್ಗಿನ ಅಸಲು 60. ಅದನ್ನು 110ಕ್ಕೆ ಮಾರಿದರೆ 50 ಉಳಿಯಿತು, ಎರಡು ಪೆಗ್ಗಿಗೆ 100. ಅದೇ 60 ಮಿ.ಲೀ. ಜಿನ್ನಿಗೆ ಲಿಂಬೆ ರಸ, ಸಕ್ಕರೆ ಪಾಕ, ಐಸ್, ಅಲಂಕಾರ ಎಂದು ಇನ್ನೊಂದು 25 ರೂಪಾಯಿ ಸೇರಿಸಿ ಕಾಕ್‌ಟೇಲ್ ಮಾಡಿ 600ಕ್ಕೆ ಮಾರಿದರೆ ಅಸಲು 145, ಉಳಿದದ್ದು 455. ಬಾಟಲಿ ಅದೇ, ಗಿರಾಕಿಯ ಹೊಟ್ಟೆಗೆ ಹೋದ ಮದ್ಯವೂ ಅಷ್ಟೇ. ನಡುವಿನ 355 ರೂಪಾಯಿ ಕೈಗುಣದ್ದು, ಐಸಿನದು, ಗಾಜಿನದು, ದೀಪದ್ದು, ಹಾಡಿನದು. ಕಸುಬಿನವರು ಮಾರಾಟದ ಬೆಲೆಯಲ್ಲಿ ಸರಕಿನ ಪಾಲು ಸುಮಾರು ಕಾಲು ಭಾಗ ಮೀರಬಾರದು ಎನ್ನುತ್ತಾರೆ. ಮೇಲಿನ ಲೆಕ್ಕದಲ್ಲಿ ಕಾಕ್‌ಟೇಲ್ ಶೇಕಡಾ 24ಕ್ಕೆ ನಿಂತಿದೆ, ಪೆಗ್ಗು 55ಕ್ಕೆ. ಬಾರ್‌ಟೆಂಡರನ ಸಂಬಳ ಬರುವುದು ಈ ಅಂತರದಿಂದ. ಅಂತರವಿಲ್ಲದ ಕಡೆ ಎಂಥ ಪ್ರತಿಭಾವಂತನೂ ಸಪ್ಲೈಯರನ ಸಂಬಳಕ್ಕೇ ನಿಲ್ಲುತ್ತಾನೆ.

ಆದರೆ 455 ಎಂಬ ಅಂಕಿ ಕಂಡು ಕಣ್ಣರಳಿಸಬಾರದು. ಒಂದು ಸಂಜೆಗೆ ಅಂಥ 60 ಗ್ಲಾಸ್ ಹೋದರೆ ಬಾಡಿಗೆ, ವಿದ್ಯುತ್ತು, ಪರವಾನಗಿ ಶುಲ್ಕ ಎಲ್ಲ ತೀರಿ ಕೈಗುಣಕ್ಕೂ ಒಂದು ಪಾಲು ಸಿಗುತ್ತದೆ. ಆರು ಹೋದರೆ ದೀಪದ ಬಿಲ್ಲಿಗೂ ಸಾಲದು. ಒಂದೇ ಗ್ಲಾಸಿಗೆ 600 ರೂಪಾಯಿ ಕೊಡುವ ಅರವತ್ತು ಜನ ಮಂಗಳವಾರವೂ ಸಿಗುವ ಊರು ಯಾವುದು? 2011ರ ಜನಗಣತಿಯಲ್ಲಿ ಸುಮಾರು 9.4 ಲಕ್ಷ ಜನರಿದ್ದ ನಮ್ಮ ಅವಳಿ ನಗರದಲ್ಲಿ ಗೋಕುಲ ರಸ್ತೆ, ವಿದ್ಯಾನಗರ, ಉಣಕಲ್ ಕಡೆಯ ದೊಡ್ಡ ಹೋಟೆಲುಗಳಿಗೆ ಶನಿವಾರ ಅಷ್ಟು ಜನ ಬರಬಹುದು. ಮಂಗಳವಾರದ ಮಾತು ಬೆಂಗಳೂರಿನದು, ಮುಂಬೈಯದು, ಸೀಜನ್ನಿನ ಗೋವಾದ್ದು. ಬೆಂಗಳೂರಿನ ಕೊಪಿಟಾಸ್, ಝೆಡ್‌ಎಲ್‌ಬಿ23 ಎಂಬ ಬಾರುಗಳು ಏಷ್ಯಾದ 50 ಅತ್ಯುತ್ತಮ ಬಾರುಗಳ ಪಟ್ಟಿ ಸೇರಿದವು. ಎರಡೂ ಪಂಚತಾರಾ ಹೋಟೆಲಿನೊಳಗೆ ಇರುವುದು ಆಕಸ್ಮಿಕವಲ್ಲ. ಪರವಾನಗಿ, ಸರಕು, ಮಂಗಳವಾರದ ಗಿರಾಕಿ, ಮೂರೂ ಒಂದೇ ಸೂರಿನಡಿ ಅಲ್ಲಿ ಸಿಗುತ್ತವೆ.

ಇನ್ನು ಕಸುಬಿನ ಒಳಗಿನ ಮಾತು. ಕಾಕ್‌ಟೇಲ್ ಎಂದರೆ ಮದ್ಯ, ಸಕ್ಕರೆ, ನೀರು, ಬಿಟರ್ಸ್ ಎಂಬ ಕಹಿ ಸತ್ವ ಎಂದು 1806ರಲ್ಲಿ ನ್ಯೂಯಾರ್ಕ್ ಪ್ರಾಂತದ ಪತ್ರಿಕೆಯೊಂದು ಓದುಗನ ಪ್ರಶ್ನೆಗೆ ಉತ್ತರಿಸಿತ್ತು. ಜೆರ್ರಿ ಥಾಮಸ್ ಎಂಬ ಅಮೆರಿಕದ ಬಾರ್‌ಟೆಂಡರ್ 1862ರಲ್ಲಿ ಪಾಕವಿಧಾನಗಳನ್ನು ಅಚ್ಚು ಹಾಕಿಸಿದ. 1920ರಿಂದ 1933ರವರೆಗೆ ಆ ದೇಶ ಪಾನನಿಷೇಧ ಹೇರಿದಾಗ ಪಳಗಿದ ಕೈಗಳು ಯುರೋಪಿಗೆ, ಕ್ಯೂಬಾಕ್ಕೆ ಚೆದುರಿದವು. ಆಮೇಲಿನ ದಶಕಗಳಲ್ಲಿ ಡಬ್ಬಿ ರಸ, ಪುಡಿ ಹುಳಿಗಳು ಹೊಕ್ಕು ರುಚಿ ಕೆಟ್ಟಿತು. 1999ರ ಕೊನೆಯಲ್ಲಿ ಸಾಶಾ ಪೆಟ್ರಾಸ್ಕೆ ನ್ಯೂಯಾರ್ಕಿನಲ್ಲಿ ತೆರೆದ ಪುಟ್ಟ ಬಾರು ತಾಜಾ ರಸ, ಒಳ್ಳೆಯ ಐಸ್, ಕಟ್ಟುನಿಟ್ಟಿನ ಅಳತೆಯನ್ನು ಮರಳಿ ತಂದವುಗಳಲ್ಲಿ ಮುಖ್ಯವಾದದ್ದು. ಇಂದು ಕ್ರಾಫ್ಟ್ ಕಾಕ್‌ಟೇಲ್ ಎನ್ನುವುದು ಈ ಮೂರು ಶಿಸ್ತುಗಳಿಗೇ. ಪಂಚ್ ಎಂಬ ಪಾನೀಯದ ಹೆಸರು ನಮ್ಮ ‘ಪಂಚ’ದಿಂದ ಹೋಯಿತು ಎಂಬ ವಾದವೂ ಇದೆ, ಅದನ್ನು ಹೇಳಿ ಎದೆಯುಬ್ಬಿಸುವವರೂ ಇದ್ದಾರೆ. ಹೆಸರಿನಿಂದ ಸಂಬಳ ಏರುವುದಿಲ್ಲ.

ಡೈಕಿರಿಯನ್ನು ನೋಡಿ. 60 ಮಿ.ಲೀ. ಬಿಳಿ ರಮ್, 20 ಮಿ.ಲೀ. ಲಿಂಬೆ ರಸ, ಎರಡು ಸಣ್ಣ ಚಮಚ ಸಕ್ಕರೆ, ಇಷ್ಟೇ. ಐಸಿನೊಂದಿಗೆ ಹತ್ತು ಹನ್ನೆರಡು ಸೆಕೆಂಡು ಕುಲುಕಿದರೆ ತಣ್ಣಗಾಗುವುದರ ಜೊತೆಗೆ ಸುಮಾರು ಕಾಲು ಭಾಗದಷ್ಟು ನೀರೂ ಸೇರುತ್ತದೆ. ಆ ನೀರು ಕಲಬೆರಕೆಯಲ್ಲ, ಪಾಕದ ಒಂದು ಅಂಗ. ಐಸ್ ಸಣ್ಣದಾದರೆ, ಒದ್ದೆಯಾಗಿದ್ದರೆ ನೀರು ಹೆಚ್ಚು ಇಳಿದು ಸಪ್ಪೆ. ಕಡಿಮೆ ಕುಲುಕಿದರೆ ಗಂಟಲು ಸುಡುತ್ತದೆ. ಬೇಸಿಗೆಯ ಒಣ ಲಿಂಬೆಗೂ ಮಳೆಗಾಲದ ರಸಭರಿತ ಲಿಂಬೆಗೂ ಹುಳಿ ಒಂದೇ ಅಲ್ಲ, ಆದ್ದರಿಂದ ದಿನವೂ ಸಂಜೆ ಬಾರ್ ತೆರೆಯುವ ಮೊದಲು ನಾಲಿಗೆಗೆ ಹಚ್ಚಿ ನೋಡಬೇಕು. ಇದನ್ನು ಹುಡುಗನಿಗೆ ವಿವರಿಸುವಾಗ ನನಗೆ ನೆನಪಾದದ್ದು ಲಿಂಬು ಸೋಡಾದ ಗಾಡಿಯವರು. ಸಿಹಿ, ಉಪ್ಪು, ಎರಡೂ ಅರ್ಧ ಎಂದು ಗಿರಾಕಿ ಹೇಳುವ ಮೊದಲೇ ಮುಖ ನೋಡಿ ಕೈ ಹಾಕುತ್ತಾರೆ. ಅಳತೆಯ ಬಟ್ಟಲಿಲ್ಲ, ಆದರೂ ನೂರನೆಯ ಗ್ಲಾಸ್ ಮೊದಲನೆಯದರಂತೆಯೇ ಇರುತ್ತದೆ. ಸಾವಜಿ ಖಾನಾವಳಿಯ ಅಡುಗೆಯವರದೂ ಇದೇ ವಿದ್ಯೆ. ಈ ಭಾಗದ ಹುಡುಗರಿಗೆ ನಾಲಿಗೆಯ ಪಾಠ ಹೊಸದೇನಲ್ಲ. ಹೊಸದು ಅದನ್ನು ಮಿಲಿಲೀಟರಿನಲ್ಲಿ ಬರೆದಿಡುವುದು. ಬರೆದಿಟ್ಟರೆ ಮಾತ್ರ ನಾಳೆ ಇನ್ನೊಬ್ಬ ಅದನ್ನೇ ಮಾಡಬಲ್ಲ, ಬಾರು ನಡೆಯಬಲ್ಲದು.

ಸ್ಥಳೀಯ ಸಾಮಗ್ರಿಯ ಹುಚ್ಚಿನ ಬಗ್ಗೆಯೂ ಒಂದು ಮಾತು. ಬೆಂಗಳೂರಿನ ಬಾರುಗಳು ಈಗ ಮುರುಗಲ, ಹುಣಸೆ, ಬೆಲ್ಲ ಎಂದು ಹುಡುಕುತ್ತಿವೆ. ನಮ್ಮ ಸುತ್ತ ಏನಿಲ್ಲ? ನವಲೂರಿನ ಪೇರಲ, ಧಾರವಾಡದ ಆಪೂಸು, ಏಲಕ್ಕಿ ಹಾರ ಕಟ್ಟುವ ಹಾವೇರಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಭೌಗೋಳಿಕ ಗುರುತು ಸಿಕ್ಕಿತು. ಬಣ್ಣ ಗಾಢ, ಖಾರ ಮೆದು. ಅಂಥ ಮೆಣಸಿನಕಾಯಿ ಕಾಕ್‌ಟೇಲಿಗೆ ಹೇಳಿ ಮಾಡಿಸಿದಂತಿದೆ. ಬ್ಯಾಡಗಿಯ ‘ಡಬ್ಬಿ’ ತಳಿಯ ಮೆಣಸಿನಕಾಯಿಯ ಬೀಜ ತೆಗೆದು ಬೆಲ್ಲದ ಪಾಕದಲ್ಲಿ ನೆನೆಸಿದರೆ ಬರುವ ಕೆಂಪು, ಸೀಮೆಯ ಯಾವ ಶೀಷೆಯಲ್ಲೂ ಸಿಗದು. ಹಾಗೆಂದು ಪೇಡೆಯನ್ನು ವಿಸ್ಕಿಯಲ್ಲಿ ಕಿವುಚಿ ‘ಧಾರವಾಡ ಸ್ಪೆಷಲ್’ ಎಂದು ಹೆಸರಿಟ್ಟರೆ ಪೇಡೆಯೂ ಹಾಳು, ವಿಸ್ಕಿಯೂ ಹಾಳು. ಅಂಥ ಪ್ರಯೋಗವನ್ನು ಒಂದು ಮದುವೆಯ ಔತಣದಲ್ಲಿ ಕಣ್ಣಾರೆ ಕಂಡಿದ್ದೇನೆ. ಕುಡಿದವರ ಮುಖವನ್ನೂ.

ಕಲಿಯುವ ದಾರಿಗಳು ಎರಡು ಮೂರು. ಪಿಯುಸಿ ಮುಗಿಸಿದವರು ರಾಷ್ಟ್ರೀಯ ಹೋಟೆಲ್ ಮ್ಯಾನೇಜ್‌ಮೆಂಟ್ ಮಂಡಳಿಯ ಪ್ರವೇಶ ಪರೀಕ್ಷೆ ಬರೆದು ಬೆಂಗಳೂರಿನ ಐಎಚ್‌ಎಂನಂಥ ಸಂಸ್ಥೆಯಲ್ಲಿ ಮೂರು ವರ್ಷದ ಪದವಿ ಮಾಡಬಹುದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2009-10ರಲ್ಲಿ ಆರಂಭಿಸಿದ ‘ಹುನರ್ ಸೇ ರೋಜ್‌ಗಾರ್ ತಕ್’ ಎಂಬ ಉಚಿತ ಅಲ್ಪಾವಧಿ ತರಬೇತಿಯಲ್ಲಿ ಊಟ-ಪಾನೀಯ ಸೇವೆಯ ಪಾಠವೂ ಸೇರಿತ್ತು. ಖಾಸಗಿ ಬಾರ್‌ಟೆಂಡಿಂಗ್ ಶಾಲೆಗಳಿಗೆ ಲೆಕ್ಕವಿಲ್ಲ. ಇವುಗಳಲ್ಲಿ ಕೆಲವು ಬಾಟಲಿ ಗಾಳಿಗೆ ಹಾರಿಸಿ ಹಿಡಿಯುವುದನ್ನೇ ದೊಡ್ಡ ವಿದ್ಯೆಯೆಂದು ಕಲಿಸುತ್ತವೆ. ಜಾತ್ರೆಯಲ್ಲಿ ದೊಂಬರಾಟ ಚೆಂದವೇ. ಆದರೆ ಶನಿವಾರ ರಾತ್ರಿ ಹದಿನೈದು ಆರ್ಡರ್ ಸಾಲಾಗಿ ನಿಂತಾಗ ಹಾರುವ ಬಾಟಲಿ ಯಾರ ದಾಹವನ್ನೂ ತಣಿಸುವುದಿಲ್ಲ. ಶುಲ್ಕ ಕಟ್ಟುವ ಮೊದಲು ಶಾಲೆಯವರನ್ನು ಒಂದು ಪ್ರಶ್ನೆ ಕೇಳಬೇಕು: ದಾಸ್ತಾನಿನ ಲೆಕ್ಕ, ಪಾಕದ ಅಸಲು ತೆಗೆಯುವುದನ್ನು ಎಷ್ಟು ದಿನ ಕಲಿಸುತ್ತೀರಿ? ಉತ್ತರ ತಡವರಿಸಿದರೆ ಹಣ ಜೇಬಿನಲ್ಲೇ ಇರಲಿ.

ಯಾವ ದಾರಿಯಿಂದ ಹೋದರೂ ಮೊದಲ ಮೆಟ್ಟಿಲು ಬಾರ್‌ಬ್ಯಾಕ್. ಐಸ್ ಹೊರುವುದು, ಲಿಂಬೆ ಹಿಂಡುವುದು, ಗಾಜು ಒರೆಸುವುದು, ಖಾಲಿ ಬಾಟಲಿ ಎಣಿಸುವುದು. ಇದರಲ್ಲಿ ಆರು ತಿಂಗಳಿಂದ ಒಂದು ವರ್ಷ ಬೆನ್ನು ಬಾಗಿಸಲು ಸಿದ್ಧವಿಲ್ಲದವನು ಬೇರೆ ಕೆಲಸ ನೋಡುವುದು ಲೇಸು. ಆಮೇಲೆ ಬಾರ್‌ಟೆಂಡರ್, ಮುಖ್ಯ ಬಾರ್‌ಟೆಂಡರ್, ಬಾರ್ ಮ್ಯಾನೇಜರ್. ಪಕ್ಕದಲ್ಲಿ ಇನ್ನೊಂದು ಬಾಗಿಲಿದೆ. ನಮ್ಮಲ್ಲಿ ಟಿ.ವಿ.ಯಲ್ಲಿ ಮದ್ಯದ ಜಾಹೀರಾತು ನಿಷಿದ್ಧ. ಆದ್ದರಿಂದ ಕಂಪನಿಗಳು ಸ್ಪರ್ಧೆ ನಡೆಸುತ್ತವೆ, ಬಾರುಗಳಿಗೆ ಹೋಗಿ ಕಲಿಸಲು ಪಳಗಿದ ಬಾರ್‌ಟೆಂಡರುಗಳನ್ನೇ ಬ್ರ್ಯಾಂಡ್ ರಾಯಭಾರಿಗಳಾಗಿ ನೇಮಿಸಿಕೊಳ್ಳುತ್ತವೆ. 2017ರಿಂದೀಚೆಗೆ ಗೋವಾದಲ್ಲಿ ಹುಟ್ಟಿದ ಗ್ರೇಟರ್ ದ್ಯಾನ್, ಸ್ಟ್ರೇಂಜರ್ ಆ್ಯಂಡ್ ಸನ್ಸ್‌ನಂಥ ದೇಶಿ ಜಿನ್ನುಗಳು ಬಂದ ಮೇಲೆ ಈ ಹುದ್ದೆಗಳು ಹೆಚ್ಚಿವೆ. ನಲವತ್ತರ ನಂತರ ರಾತ್ರಿ ಎರಡರವರೆಗೆ ನಿಲ್ಲಲು ಮಂಡಿ ಒಪ್ಪುವುದಿಲ್ಲ. ಆಗ ಬೇಕಾಗುವ ಬಾಗಿಲು ಇದು.

ಕೆಲಸಕ್ಕೆ ಸೇರುವಾಗ ಟಿಪ್ಸಿನ ಆಸೆ ತೋರಿಸಿ ಸಂಬಳ ಇಳಿಸುವ ಮಾಲೀಕರು ಎಲ್ಲ ಊರಿನಲ್ಲೂ ಇದ್ದಾರೆ. ಬಿಲ್ಲಿನಲ್ಲಿ ಸೇವಾ ಶುಲ್ಕವನ್ನು ತಾನಾಗಿ ಸೇರಿಸಬಾರದು ಎಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತು, ದೆಹಲಿ ಹೈಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿಯಿತು. ಆದ್ದರಿಂದ ಆ ಹಣದ ಮೇಲೆ ಕಟ್ಟಿದ ಲೆಕ್ಕ ಮರಳಿನ ಮೇಲಿನದು. ನೇಮಕಾತಿ ಪತ್ರ, ಭವಿಷ್ಯ ನಿಧಿ, ಇಎಸ್‌ಐ ಉಂಟೇ ಎಂದು ಕೇಳುವುದು ಅಹಂಕಾರವಲ್ಲ.

ಹಡಗಿನ ಕನಸು ಬೇರೆಯೇ ಕಥೆ. ವಿಹಾರದ ಹಡಗುಗಳಲ್ಲಿ ಬಾರ್ ಕೆಲಸಕ್ಕೆ ಭಾರತದ ಹುಡುಗರಿಗೆ ಬೇಡಿಕೆ ಇದೆ. ಆರರಿಂದ ಒಂಬತ್ತು ತಿಂಗಳ ಕರಾರು, ಊಟ ವಸತಿ ಹಡಗಿನದೇ, ಡಾಲರಿನ ಗಳಿಕೆ. ಅದಕ್ಕೆ ಎಸ್‌ಟಿಸಿಡಬ್ಲ್ಯು ಎಂಬ ಸುರಕ್ಷತಾ ತರಬೇತಿ ಬೇಕು, ನಾವಿಕರ ಸಿಡಿಸಿ ಪುಸ್ತಕ ಬೇಕು. ಭರ್ತಿ ಮಾಡುವ ಏಜೆನ್ಸಿಗೆ ನೌಕಾಯಾನ ಮಹಾನಿರ್ದೇಶನಾಲಯದ ಆರ್‌ಪಿಎಸ್‌ಎಲ್ ಪರವಾನಗಿ ಇರಬೇಕು, ಮತ್ತು ಕೆಲಸ ಕೊಡಿಸಲೆಂದು ನಾವಿಕನಿಂದ ಅದು ಹಣ ಕೀಳುವಂತಿಲ್ಲ. ನನ್ನ ಪರಿಚಯದ ಒಬ್ಬ ಹುಡುಗ ಈ ಕೊನೆಯ ಸಾಲು ತಿಳಿಯದೆ ತಾಯಿಯ ಬಳೆ ಒತ್ತೆಯಿಟ್ಟು ಒಬ್ಬ ಏಜೆಂಟನಿಗೆ ಹಣ ಸುರಿದ. ಹಡಗು ಬರಲಿಲ್ಲ, ಏಜೆಂಟನ ಫೋನೂ ಹತ್ತಲಿಲ್ಲ.

ಹುಡುಗಿಯರ ಮಾತು? ಶತಭಿ ಬಸು 1981ರಲ್ಲಿ ಮುಂಬೈಯಲ್ಲಿ ಕೌಂಟರಿನ ಹಿಂದೆ ನಿಂತಾಗ ಅವರನ್ನು ದೇಶದ ಮೊದಲ ಮಹಿಳಾ ಬಾರ್‌ಟೆಂಡರ್ ಎಂದರು. ಆದರೂ ದೆಹಲಿಯಲ್ಲಿ ಜಾರಿಯಲ್ಲಿದ್ದ 1914ರ ಪಂಜಾಬ್ ಅಬಕಾರಿ ಕಾಯ್ದೆ ಮದ್ಯ ಸೇವಿಸುವ ಜಾಗದಲ್ಲಿ ಹೆಂಗಸರು ದುಡಿಯಬಾರದು ಎನ್ನುತ್ತಲೇ ಇತ್ತು. ದೆಹಲಿ ಹೈಕೋರ್ಟ್ 2006ರಲ್ಲಿ ಅದನ್ನು ಹೊಡೆದುಹಾಕಿತು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು 2007ರ ಡಿಸೆಂಬರಿನಲ್ಲಿ. ಹೆಣ್ಣಿಗೆ ರಕ್ಷಣೆ ಕೊಡಬೇಕು, ರಕ್ಷಣೆಯ ನೆಪದಲ್ಲಿ ಕೆಲಸ ಕಿತ್ತುಕೊಳ್ಳಬಾರದು ಎಂಬುದು ಆ ತೀರ್ಪಿನ ತಿರುಳು. ನಮ್ಮ ಊರಿನಲ್ಲಿ ಇಂದು ಅಡ್ಡ ಬರುವುದು ಕಾನೂನಿಗಿಂತ ಹೆಚ್ಚಾಗಿ ರಾತ್ರಿ ಒಂದು ಗಂಟೆಗೆ ಮನೆ ಮುಟ್ಟಿಸುವ ವಾಹನ. ವಾಹನದ ಖರ್ಚನ್ನು ಲೆಕ್ಕದಲ್ಲಿ ಬರೆದುಕೊಂಡ ಮಾಲೀಕ ಈ ಕಡೆ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಈಗ ಅಪ್ಪನ ಮರ್ಯಾದೆಯ ಪ್ರಶ್ನೆಗೆ ಬರಲೇಬೇಕು. ಅದನ್ನು ಹಳೆಯ ಕಾಲದವರ ಗೊಣಗಾಟ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಇಳಕಲ್ಲಿನ ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಊರೂರು ತಿರುಗಿ ಚಟಗಳನ್ನು ಭಿಕ್ಷೆ ಬೇಡಿದ ನೆಲ ಇದು. ಅವರ ಜನ್ಮದಿನ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನ. 2007ರ ಜುಲೈ 1ರಂದು ಸಾರಾಯಿ ನಿಂತಾಗ ನಿಟ್ಟುಸಿರು ಬಿಟ್ಟ ಹೆಂಗಸರು ಗದಗಿನ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿಯ ಪೊಟ್ಟಣ ಬಂದದ್ದನ್ನು ಕಂಡವರೂ ಅವರೇ. ಮದ್ಯದ ಸುರಕ್ಷಿತ ಪ್ರಮಾಣವೆಂಬುದು ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಕಾಕ್‌ಟೇಲಿನ ಹೂವು, ಹೊಗೆ ಇದನ್ನು ಮುಚ್ಚಲಾರವು. ಒಂದು ವ್ಯತ್ಯಾಸ ಮಾತ್ರ ಲೆಕ್ಕದವನಾಗಿ ಕಾಣುತ್ತೇನೆ. ಪೆಗ್ಗಿನ ಬಾರು ಬದುಕುವುದು ಗಿರಾಕಿ ಹೆಚ್ಚು ಕುಡಿದರೆ. ಕೈಗುಣದ ಬಾರು ಎರಡು ಗ್ಲಾಸಿನಲ್ಲಿ ತನ್ನ ಹಣ ಮಾಡಿಕೊಂಡಿರುತ್ತದೆ, ಮೂರನೆಯದನ್ನು ಕೊಡುವುದಿಲ್ಲ ಎನ್ನುವ ಧೈರ್ಯ ಅಲ್ಲಿನವನಿಗೆ ಇರಲು ಸಾಧ್ಯ. ಇರುತ್ತದೆ ಎಂದಲ್ಲ, ಸಾಧ್ಯ ಎಂದೆ. 21 ತುಂಬದವರಿಗೆ ಕೊಡಬಾರದು ಎಂಬ ನಮ್ಮ ಪರವಾನಗಿ ನಿಯಮವನ್ನು 18ಕ್ಕಿಳಿಸುವ ಕರಡು 2023ರಲ್ಲಿ ಬಂದು, ವಿರೋಧಕ್ಕೆ ಹೆದರಿ ಹಿಂದೆ ಸರಿಯಿತು. ಆ ನಿಯಮವನ್ನು ಕೊನೆಗೆ ಕಾಯುವವನು ಕೌಂಟರಿನ ಹಿಂದಿನ ಹುಡುಗನೇ. ಹೆಂಡದ ಹನಿ ಮುಟ್ಟದ ಬಾರ್‌ಟೆಂಡರುಗಳೂ ಇದ್ದಾರೆ. ಹುಲ್ಲುಕೊಳವೆಯಲ್ಲಿ ಒಂದು ಹನಿ ನಾಲಿಗೆಗೆ ತಾಗಿಸಿ ಉಗುಳುತ್ತಾರೆ.

ಹುಬ್ಬಳ್ಳಿಯಲ್ಲಿಯೇ ಉಳಿಯುತ್ತೇನೆ ಎನ್ನುವವನಿಗೆ ನಾನು ತೋರಿಸುವುದು ಕಲ್ಯಾಣ ಮಂಟಪವನ್ನು. ಮದುವೆ, ಸೀಮಂತದ ಕುಪ್ಪಸ, ಷಷ್ಟ್ಯಬ್ದಿಗಳಲ್ಲಿ ಬಾಗಿಲಲ್ಲೇ ಕೊಡುವ ಪಾನೀಯ ಇಂದಿಗೂ ಬಣ್ಣದ ಸಕ್ಕರೆ ನೀರು. ಅಲ್ಲಿ ಪೇರಲ, ಮುರುಗಲ, ಏಲಕ್ಕಿಯನ್ನು ಅಳತೆಯಿಂದ ಬೆರೆಸಿ ಐನೂರು ಜನರಿಗೆ ಒಂದೇ ರುಚಿಯಲ್ಲಿ ಕೊಡಬಲ್ಲವನಿಗೆ ಅಬಕಾರಿ ಪರವಾನಗಿ ಬೇಡ, ನಿಗಮದ ಡಿಪೋ ಬೇಡ, ಬೀಗರ ಮುಂದೆ ತಲೆ ತಗ್ಗಿಸುವುದೂ ಬೇಡ. ಕೈಗುಣಕ್ಕೆ ಈ ಊರು ದುಡ್ಡು ಕೊಡುವ ಜಾಗ ಸದ್ಯಕ್ಕೆ ಅದೊಂದೇ. ಎರಡು ವರ್ಷ ಅಲ್ಲಿ ಕೈ ಪಳಗಿಸಿ, ನಂತರ ಬೆಂಗಳೂರಿನ ರೈಲು ಹತ್ತಿದರೆ ಐಸ್ ಹೊರುವ ವರ್ಷ ಸ್ವಲ್ಪ ಮೊಟಕಾದೀತು.

ಹುಡುಗನಿಗೆ ಒಂದು ಕೆಲಸ ಕೊಟ್ಟು ಕಳಿಸಿದ್ದೆ: ಒಂದು ಗ್ಲಾಸ್ ಲಿಂಬು ಸೋಡಾದ ಅಸಲು ಬರೆದುಕೊಂಡು ಬಾ. ಮೂರನೆಯ ದಿನ ಅಪ್ಪನೊಂದಿಗೇ ಬಂದ. ಲಿಂಬೆ ಅರ್ಧ, ಸಕ್ಕರೆ ಇಷ್ಟು ಗ್ರಾಂ, ಉಪ್ಪು, ಸೋಡಾ, ಗ್ಲಾಸ್ ತೊಳೆಯುವ ನೀರಿಗೂ ಹತ್ತು ಪೈಸೆ ಹಿಡಿದಿದ್ದ. ನಾನು ಕನ್ನಡಕ ಹುಡುಕುವಷ್ಟರಲ್ಲಿ ಅಪ್ಪ ಹಾಳೆ ಕಸಿದುಕೊಂಡು, ಅಂಗಡಿಯ ಉದ್ರಿ ಪುಸ್ತಕ ಓದುವ ಗತ್ತಿನಲ್ಲಿ ಮೇಲಿಂದ ಕೆಳಗೆ ಬೆರಳು ಓಡಿಸಿದರು. ಕೆಳಗಿನ ಸಾಲಿಗೆ ಬಂದು ನಿಂತು ಮಗನ ಮುಖ ನೋಡಿದರು.

‘ಐಸ್ ಎಲ್ಲಿ ಬರೆದಿದ್ದೀಯಾ? ಅದೇನು ಪುಕ್ಕಟೆ ಬರುತ್ತದೆಯೇ?’